ಹನ್ನೆರಡನೆಯ ರೀಲು

ಮಾರ್ಚ್ 2, ಸೋಮವಾರ

ಇವತ್ತಿನಿಂದ ಎರಡು ನೋಟ್‌ಬುಕ್ಕು. ಒಂದು ಡಾಕ್ಟರಿಗೆ. ಅಪ್ಪ ಏನೇನು ಮರೆಯುತ್ತಾರೆ ಎಂದು ತಾರೀಖು ಹಾಕಿ ಬರೆದಿಡಬೇಕು, ತಿಂಗಳ ಕೊನೆಯ ಸೋಮವಾರ ತೋರಿಸಬೇಕು. ಇನ್ನೊಂದು ಇದು, ನನಗೆ. ಡಾಕ್ಟರ ಪುಸ್ತಕದಲ್ಲಿ ಒಂದು ಸಾಲು ಬರೆದು ಮುಚ್ಚಿದ ಮೇಲೂ ಕೈ ಸುಮ್ಮನಾಗಲಿಲ್ಲ.

ಒಂದನೆಯ ಸಾಲು: ಮೊನ್ನೆ ಗ್ಯಾಸ್ ಹಚ್ಚಿ ಹಾಲಿಟ್ಟು ಮರೆತರು. ಪಾತ್ರೆ ಸುಟ್ಟು ಕಪ್ಪಾಗಿತ್ತು.

ನಿನ್ನೆ ಅಕ್ಕ ಬಂದಿದ್ದಳು. ಹದಿನಾಲ್ಕು ವರ್ಷದಿಂದ ಪಕ್ಕದ ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಮಾತಾಡುತ್ತಲೇ ಅಪ್ಪನ ಹಾಸಿಗೆಯ ಹೊದಿಕೆ ಎಳೆದು ನೆಟ್ಟಗೆ ಮಾಡಿದಳು, ಮಾತ್ರೆ ಎಣಿಸಿದಳು, ಸುಟ್ಟ ಪಾತ್ರೆಯನ್ನು ಮೂಸಿ ನೋಡಿದಳು.

"ಕಣ್ಣು ಪೂರ್ತಿ ಹೋಗಿದೆ. ಈಗ ಮರೆವು ಬೇರೆ. ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ಅಮ್ಮನೂ ಇಲ್ಲ, ನಡುವೆ ಏನಾದ್ರೂ ಆದ್ರೆ ಯಾರೋ ನೋಡೋರು? ನಮ್ಮ ಆಸ್ಪತ್ರೆ ಹತ್ರಾನೇ ಆರೈಕೆ ಮನೆ ಇದೆ, ಹೋಗಿ ನೋಡ್ಕೊಂಡು ಬಂದಿದೀನಿ. ಡಾಕ್ಟರು ಹೂಂ ಅಂದ್ರೆ ಏಪ್ರಿಲ್‌ನಲ್ಲಿ ಸೇರಿಸೋದೇ. ನಿಂಗೇನಾದ್ರೂ ಹೇಳೋದಿದ್ಯಾ?"

ನನಗೆ ಹೇಳುವುದಿತ್ತು. ಬಾಯಿಗೆ ಬರಲಿಲ್ಲ.

"ಇವನ ಬಾಯಿಗೆ ಬೀಗ, ಕೀ ಎಲ್ಲಿಟ್ಟಿದ್ದಾನೋ ಇವನಿಗೇ ಗೊತ್ತಿಲ್ಲ" ಅಂದಳು.

ಒಳಗೆ ಅಪ್ಪ ರೇಡಿಯೊ ಸದ್ದು ತಗ್ಗಿಸಿದ್ದು ಕೇಳಿಸಿತು.

ಮಾರ್ಚ್ 4, ಬುಧವಾರ

ಸ್ಟುಡಿಯೊ ಸೇರಿ ಹತ್ತು ದಿನ. ಮೂವತ್ತಾರು ವರ್ಷದ ಹಿಂದಿನ ಗೂಢಚಾರ ಚಿತ್ರವೊಂದರ ಗೀರು, ಕಲೆಗಳನ್ನೆಲ್ಲ ತೆಗೆದು ಹೊಸದು ಮಾಡಿದ್ದಾರೆ. ಇಪ್ಪತ್ತೇಳಕ್ಕೆ ಮತ್ತೆ ಬಿಡುಗಡೆ. ಈ ಸಲ ಕಣ್ಣು ಕಾಣದವರಿಗೂ ಅನುಕೂಲವಾಗಲಿ ಎಂದು ಕಿವಿಗೆ ಹಾಕಿಕೊಳ್ಳುವ ಪುಟ್ಟ ಯಂತ್ರ ಕೊಡುತ್ತಾರೆ. ಪಾತ್ರಗಳು ಮಾತಾಡದೆ ಇರುವಾಗ ತೆರೆಯ ಮೇಲೆ ಏನು ನಡೆಯುತ್ತಿದೆ ಎಂದು ಅದರಲ್ಲಿ ಒಂದು ದನಿ ಹೇಳುತ್ತದೆ. ಆ ದನಿಗೆ ಮಾತು ಬರೆಯುವುದು ನನ್ನ ಕೆಲಸ. ಯಾರೊಂದಿಗೂ ಮಾತಾಡದೆ ಮಾತು ಬರೆಯುವ ಕೆಲಸ, ನನಗೆಂದೇ ಮಾಡಿಟ್ಟಂತಿದೆ.

ಸೌಂಡ್ ಎಂಜಿನಿಯರ್ ನನ್ನನ್ನು "ಸಾಹಿತಿಗಳೇ" ಎಂದು ಕರೆಯುತ್ತಾರೆ. ಎ.ಸಿ. ಕೋಣೆಯಲ್ಲಿ ಸ್ವೆಟರ್, ಕೊರಳಿಗೆ ಮಫ್ಲರ್. "ಬರೆದದ್ದನ್ನ ಕಣ್ಣಿಲ್ಲದವರ ಮುಂದೆ ಓದಿ ನೋಡ್ಬೇಕು. ನಿಮಗೆ ಯಾರಾದ್ರೂ ಗೊತ್ತಾ?" ಎಂದು ಕೇಳಿದರು.

"ನಮ್ಮ ಅಪ್ಪ ಇದಾರೆ, ಸರ್" ಅಂದೆ. ಅಪ್ಪ ಇದೇ ಚಿತ್ರವನ್ನು ಈ ಊರಿನ ಟಾಕೀಸಿನಲ್ಲಿ ಇಪ್ಪತ್ತೈದು ವಾರ ಓಡಿಸಿದ ಆಪರೇಟರ್ ಎಂದು ಹೇಳಬೇಕಿತ್ತು. ಅದನ್ನು ಹೇಳುವಷ್ಟರಲ್ಲಿ ಅವರು ಮಫ್ಲರ್ ಬಿಗಿದುಕೊಂಡು ಹೋಗಿಬಿಟ್ಟಿದ್ದರು.

ಮಾರ್ಚ್ 8, ಭಾನುವಾರ

ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕಿ, ಅಪ್ಪನ ಪಕ್ಕದಲ್ಲಿ ಕೂತು, ನಾನು ಬರೆದದ್ದನ್ನು ಓದುತ್ತಾ ಹೋದೆ. ಮೊದಲ ನಾಲ್ಕು ರೀಲು.

"ಗಾಢಾಂಧಕಾರದಲ್ಲಿ ಆತ ಗೋಡೆಯನ್ನು ಸಮೀಪಿಸುತ್ತಾನೆ" ಎಂದು ಓದಿದ್ದೇ ತಡ, ಅಪ್ಪ ಕೈ ಎತ್ತಿದರು.

"ಮರೀ, ಅಷ್ಟು ದೊಡ್ಡ ಪದ ನೀನು ಹೇಳಿ ಮುಗಿಸೋ ಹೊತ್ತಿಗೆ ಅವನು ಗೋಡೆ ಹಾರಿ ಆ ಕಡೆ ಹೋಗಿರ್ತಾನೆ."

"ಮತ್ತೆ ಏನು ಹೇಳ್ಲಪ್ಪ?"

"ಕತ್ತಲು ಅನ್ನು. ಸಾಕು."

ಒಂದು ಕಡೆ ತಟ್ಟನೆ ಚಿಟಿಕೆ ಹಾಕಿ "ಈಗ ರೀಲು ಬದಲಾಯ್ತು" ಅಂದರು. ಹಿನ್ನೆಲೆಯ ಸದ್ದು ಒಂಚೂರು ಬೇರೆಯಾಗುತ್ತದಂತೆ. ನನಗೆ ಏನೂ ಕೇಳಿಸಿರಲಿಲ್ಲ. ರೀಲುಗಳ ಲೆಕ್ಕವಿದ್ದ ಸ್ಟುಡಿಯೊದ ಕಾಗದ ತೆಗೆದು ನೋಡಿದೆ. ಸರಿಯಾಗಿಯೇ ಇತ್ತು, ಸೆಕೆಂಡಿನ ಲೆಕ್ಕಕ್ಕೆ.

ಊಟವಾದ ಅರ್ಧ ಗಂಟೆಗೆ "ಊಟ ಮಾಡೋಣ್ವಾ?" ಎಂದು ಕೇಳಿದರು. ಡಾಕ್ಟರ ಪುಸ್ತಕದಲ್ಲಿ ಆರನೆಯ ಸಾಲು.

ಮಾರ್ಚ್ 11, ಬುಧವಾರ

ಎಂಜಿನಿಯರ್ ನನ್ನ ಹಾಳೆಗಳನ್ನು ತಿರುವಿದರು. "ಭಾಷೆ ಸಣ್ಣಗಾಗಿದೆಯಲ್ಲ ಸಾಹಿತಿಗಳೇ, ಯಾರು ಕತ್ತರಿ ಹಾಕಿದ್ದು?"

ಅಪ್ಪ ಅಂದೆ.

ದನಿ ಕೊಡಲು ಬರಬೇಕಾದ ಕಲಾವಿದೆಗೆ ಗಂಟಲು ಕೆಟ್ಟಿದೆ. ಸದ್ಯಕ್ಕೆ ಸಮಯದ ಅಳತೆಗಾಗಿ ನಾನೇ ಓದಬೇಕಂತೆ. ಗಾಜಿನ ಕೋಣೆಯೊಳಗೆ ಹೋಗಿ ಮೈಕ್ ಮುಂದೆ ಕೂತೆ. ಒಂದು ಸಾಲೂ ಹೊರಗೆ ಬರಲಿಲ್ಲ. ಗಾಜಿನಾಚೆ ಅವರು ಕಾಯುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಒಳಗೆ ಬಂದು, "ಪಕ್ಕದಲ್ಲಿ ಅಪ್ಪ ಕೂತಿದ್ದಾರೆ ಅಂದ್ಕೊಳ್ಳಿ" ಎಂದು ಹೇಳಿ, ಹಾಳೆಯ ಮೇಲಿನ ಪುಟ್ಟ ದೀಪ ಬಿಟ್ಟು ಉಳಿದವನ್ನು ಆರಿಸಿ ಹೋದರು.

ಎರಡು ರೀಲು ಓದಿದೆ.

ಮಾರ್ಚ್ 14, ಶನಿವಾರ

ಇವತ್ತು ಕೊನೆಯ ಮೂರು ರೀಲು ಅಪ್ಪನ ಮುಂದೆ ಓದಿದೆ. ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಹನ್ನೊಂದನೆಯ ರೀಲಿನಲ್ಲಿ ಗೂಢಚಾರ ಕಿಟಕಿಯ ಗಾಜು ಒಡೆದು ಹಾರುತ್ತಾನೆ, ತೋಳು ಸೀಳುತ್ತದೆ. ಹನ್ನೆರಡನೆಯದರಲ್ಲಿ ಆ ತೋಳಿಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲು ತೆಗೆಯುತ್ತಾಳೆ. ಇಡೀ ರೀಲಿನಲ್ಲಿ ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಅವನು ಉಣ್ಣುತ್ತಾನೆ, ಅವಳು ನೋಡುತ್ತಾಳೆ, ದೀಪ ಸಣ್ಣದಾಗುತ್ತದೆ. ಹದಿಮೂರನೆಯದು ಸೇತುವೆ. ಬೆಳಗಿನ ಮಂಜು, ಉದ್ದನೆಯ ಕೋಟು, ಕೈದಿಗಳ ಅದಲು ಬದಲು, ಒಂದು ಗುಂಡು. ಅವನು ನದಿಗೆ ಬೀಳುತ್ತಾನೆ. ಖಾಲಿ ಸೇತುವೆ, ಕತ್ತಲು. ಮುಗಿಯಿತು ಎಂದು ತೋರಿಸುವ ಫಲಕವೂ ಇಲ್ಲ. ನಿರ್ದೇಶಕರು ಬೇಕೆಂದೇ ಬಿಟ್ಟದ್ದಂತೆ.

ಹನ್ನೆರಡು ಶುರುವಾಗುತ್ತಲೇ ಅಪ್ಪ "ಇದಲ್ಲ" ಅಂದರು. "ಸೇತುವೆ ಮೊದಲು. ಗುಂಡು ತಗುಲುತ್ತೆ, ನೀರಿಗೆ ಬೀಳ್ತಾನೆ. ಎಲ್ಲರೂ ಸತ್ತ ಅಂದ್ಕೊಳ್ತಾರೆ. ಆಮೇಲೆ ಬಾಗಿಲು. ತೋಳಲ್ಲಿ ಬ್ಯಾಂಡೇಜು. ಅವನು ಬದುಕಿ ಬಂದಿದ್ದಾನೆ!"

"ಇಲ್ಲಪ್ಪ. ಅದು ಗಾಜು ತಗುಲಿದ ಗಾಯ. ಕೊನೇಲಿ ಅವನು ಸಾಯ್ತಾನೆ."

"ಸಾಯಲ್ಲ ಕಣೋ. ಇಪ್ಪತ್ತೈದು ವಾರ ಓಡಿಸಿದೀನಿ, ನಂಗೆ ಹೇಳ್ತೀಯಾ?"

ನಾನು ಪೂರ್ತಿ ಹಾಕಿ ಕೇಳಿಸಿದೆ. ಗುಂಡಿನ ಸದ್ದು, ನೀರಿನ ಸದ್ದು, ಆಮೇಲೆ ಏನೂ ಇಲ್ಲ. ಅಪ್ಪ ತುಂಬ ಹೊತ್ತು ಮಂಡಿಯ ಮೇಲೆ ಬೆರಳು ಆಡಿಸುತ್ತಿದ್ದರು. ಕೊನೆಗೆ, "ಸರಿ. ನಂಗೇ ಮರೆತಿರ್ಬೇಕು. ಬರ್ಕೋ" ಅಂದರು.

ಹದಿಮೂರನೆಯ ಸಾಲು: ತಾವೇ ನೂರಾರು ಸಲ ಓಡಿಸಿದ ಚಿತ್ರದ ಕೊನೆಯನ್ನು ತಪ್ಪಾಗಿ ಹೇಳುತ್ತಾರೆ.

ಗ್ಯಾಸಿನ ಸಾಲು ಬರೆದಾಗಲೂ ಇಷ್ಟು ಭಯವಾಗಿರಲಿಲ್ಲ.

ಮಾರ್ಚ್ 15, ಭಾನುವಾರ

ಅಕ್ಕ ಪುಸ್ತಕ ಓದಿದಳು. ಹದಿಮೂರರ ಹತ್ತಿರ ಬೆರಳಿಟ್ಟು ನಿಂತಳು.

"ಇದು ನೋಡು. ಹಾಲು, ಊಟ, ಎಲ್ಲರಿಗೂ ಮರೆಯುತ್ತೆ. ಇದು ಹಾಗಲ್ಲ. ನಾನು ಹುಟ್ಟಿದ್ದು ಅದು ಬಿಡುಗಡೆಯಾದ ಹಿಂದಿನ ದಿನ. ಚಿಕ್ಕಂದಿನಿಂದ ಅದು ಇಪ್ಪತ್ತೈದು ವಾರ ಓಡಿದ ಕಥೆ ಕೇಳಿ ಕೇಳಿ ಕಿವಿ ತೂತಾಗಿದೆ. ಅದೂ ಹೋಯ್ತು ಅಂದ್ರೆ ಇನ್ನು ಏನು ಉಳೀತು?"

ಗೋಡೆಯ ಕಡೆ ತಿರುಗಿ ನಿಂತಳು. ಅಳುತ್ತಿದ್ದಳು ಅನ್ನಿಸುತ್ತದೆ. ವಾರ್ಡಿನವರು ಬೆನ್ನು ತೋರಿಸಿ ಅಳುತ್ತಾರೇನೋ.

ಮಾರ್ಚ್ 18, ಬುಧವಾರ

ಯಂತ್ರ ಪರೀಕ್ಷೆ ಮಾಡಲು ಎಂಜಿನಿಯರ್ ಜೊತೆ ಟಾಕೀಸಿಗೆ ಹೋಗಿದ್ದೆ. ಮುಂದಿನ ಗೋಡೆಗೆ ದೊಡ್ಡ ಪೋಸ್ಟರ್ ಏರಿಸುತ್ತಿದ್ದರು. ಹಳೆಯ ಗೇಟ್‌ಕೀಪರ್ ಈಗ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಾನೆ. ಹಲ್ಲಿಲ್ಲದ ಬಾಯಿ ತೆರೆದು ಪೋಸ್ಟರ್ ನೋಡುತ್ತ ನಿಂತಿದ್ದ. ನಾನಾಗಿಯೇ ಹೋಗಿ ಮಾತಾಡಿಸಿದೆ.

"ಏನು ಸಿನಿಮಾ ಸ್ವಾಮಿ ಅದು! ಕೊನೇಲಿ ಬಾಗಿಲು ತೆಗೀತಾಳಲ್ಲ, ಅವನು ನಿಂತಿರ್ತಾನೆ, ಜನ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು. ಬಾಲ್ಕನಿಯವರು ಕೂಡ!"

"ಕೊನೇಲಿ ಅವನು ಸೇತುವೆ ಮೇಲೆ ಸಾಯ್ತಾನಲ್ವಾ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಹುಟ್ಟೇ ಇರ್ಲಿಲ್ಲ ಬಿಡಿ."

ಎಂಜಿನಿಯರ್ ಹತ್ತಿರ ಹೋಗಿ ಹನ್ನೆರಡು, ಹದಿಮೂರನೆಯ ರೀಲುಗಳ ಸರದಿ ಖಂಡಿತವೇ ಎಂದು ಕೇಳಿದೆ. ಮೂಲ ನೆಗೆಟಿವ್‌ನ ಅಂಚಿನಲ್ಲೇ ನಂಬರಿದೆ, ಅನುಮಾನವೇ ಇಲ್ಲ ಅಂದರು. ಮತ್ತೊಮ್ಮೆ ಕೇಳಿದೆ. "ಸಾಹಿತಿಗಳೇ, ಬೇಕಾದ್ರೆ ನಿಮ್ಮ ಕಣ್ಣಾರೆ ನೋಡಿ" ಎಂದು ಫೋಟೊ ತೋರಿಸಿದರು. ನಂಬರಿತ್ತು.

ಇಬ್ಬರು ಮುದುಕರಿಗೆ ಒಂದೇ ಮರೆವು ಹೇಗೆ ಬರುತ್ತದೆ?

ಮಾರ್ಚ್ 19, ಗುರುವಾರ

ಸಂಜೆ ಬಂದವನೇ ಗೇಟ್‌ಕೀಪರ್ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅಪ್ಪನ ಮುಖ ಸಣ್ಣದಾಯಿತು.

"ಅವನಿನ್ನೂ ಬದುಕಿದ್ದಾನಾ?" ಅಂದರು. ಆಮೇಲೆ, "ಬಾಗಿಲು ಹಾಕ್ಕೊಂಡು ಬಾ."

ಹೇಳಿದ್ದು ಇಷ್ಟು. ಬಿಡುಗಡೆಯ ಹಿಂದಿನ ದಿನ ಮಧ್ಯಾಹ್ನ ಹದಿಮೂರು ಡಬ್ಬಿಗಳಲ್ಲಿ ಪ್ರಿಂಟು ಬಂದಿತ್ತು. ಒಂದೊಂದೇ ರೀಲನ್ನು ಬೆರಳ ನಡುವೆ ಹಾಯಿಸಿ, ಅಂಚು ಹರಿದಿದೆಯೇ ಎಂದು ನೋಡಿ, ಮತ್ತೆ ಡಬ್ಬಿಗೆ ಹಾಕುವುದು ಆಪರೇಟರನ ಕೆಲಸ. ಕೊನೆಯ ಎರಡು ಉಳಿದಿದ್ದಾಗ ಕೆಳಗಿನಿಂದ ಯಾರೋ ಕೂಗಿದರು: "ಹೆಣ್ಣು ಮಗು ಕಣಯ್ಯಾ! ಇಬ್ಬರೂ ಚೆನ್ನಾಗಿದಾರೆ!"

"ಕೈಗೆ ಸಿಕ್ಕಿದ ಮುಚ್ಚಳ ಸಿಕ್ಕಿದ ಡಬ್ಬಿಗೆ ಒತ್ತಿ ಆಸ್ಪತ್ರೆಗೆ ಓಡಿದೆ. ಮಾರನೇ ದಿನ ರೀಲಿನ ತುದಿಯಲ್ಲಿರೋ ನಂಬರ್ ನೋಡ್ಲಿಲ್ಲ. ಮುಚ್ಚಳದ ಮೇಲಿನ ನಂಬರ್ ನಂಬಿದೆ. ಸಿನಿಮಾ ನಾನೂ ಮೊದಲ ಸಲ ನೋಡ್ತಿರೋದು. ಜನ ಎದ್ದು ನಿಂತ್ರು, ನಾನೂ ಕ್ಯಾಬಿನ್ನಲ್ಲಿ ಒಬ್ಬನೇ ಚಪ್ಪಾಳೆ ಹೊಡೆದೆ. ಆಮೇಲೆ ವಾಪಸ್ ಸುತ್ತುವಾಗ ನಂಬರ್ ಕಾಣಿಸ್ತು. ಮತ್ತೆ ಮತ್ತೆ ತಿರುಗಿಸಿ ನೋಡಿದೆ ಮರೀ."

ಎರಡನೆಯ ಆಟಕ್ಕೆ ಸರಿಯಾಗಿ ಹಾಕಿದರಂತೆ. ಅಷ್ಟರಲ್ಲಿ ಮೊದಲ ಆಟದವರು ಸಾಲಿನಲ್ಲಿ ನಿಂತವರಿಗೆಲ್ಲ ಅವನು ಬದುಕುತ್ತಾನೆ ಎಂದು ಹೇಳಿಯಾಗಿತ್ತು. ಕೊನೆಯ ರೀಲು ಕದ್ದರು ಎಂದು ಎರಡನೆಯ ಆಟದ ಜನ ಕುರ್ಚಿ ಮುರಿದರು. ಮಾಲೀಕರು ಮೆಟ್ಟಿಲು ಹತ್ತಿ ಬಂದು, "ಮೊದಲ ಆಟಕ್ಕೆ ಹೇಗೆ ಹಾಕಿದ್ಯೋ ಹಾಗೇ ಹಾಕು. ಯಾಕೆ ಅಂತ ನಾನು ಕೇಳಲ್ಲ, ನೀನು ಹೇಳ್ಬೇಡ" ಅಂದರು. ಅದೇ ಸರದಿಯಲ್ಲಿ ಇಪ್ಪತ್ತೈದು ವಾರ.

"ಓಡಿಸ್ತಾ ಓಡಿಸ್ತಾ ನಂಗೂ ಅದೇ ನಿಜ ಆಗ್ಬಿಟ್ಟಿತ್ತು. ಮೊನ್ನೆ ನೀನು ಗುಂಡಿನ ಸದ್ದು ಕೇಳಿಸಿದಾಗ ಎಲ್ಲಾ ವಾಪಸ್ ಬಂತು."

"ಮತ್ತೆ ಮರೆತಿರ್ಬೇಕು, ಬರ್ಕೋ ಅಂದ್ರಲ್ಲಪ್ಪ!"

"ಮರೆವು ಕಾಯಿಲೆ, ಯಾರಿಗಾದ್ರೂ ಬರುತ್ತೆ. ರೀಲು ತಪ್ಪಿಸಿದ ಆಪರೇಟರ್ ಅನ್ನಿಸ್ಕೊಳ್ಳೋದು…" ಅಪ್ಪ ತಲೆ ಅಲ್ಲಾಡಿಸಿದರು. "ದೊಡ್ಡವಳಿಗೆ ಹೇಳ್ಬೇಡ. ಅವಳಿಂದ ಆಯ್ತು ಅಂದ್ಕೊಂಡಾಳು."

ಆರೈಕೆ ಮನೆಗೆ ಹೋಗಲು ಅಪ್ಪ ಸಿದ್ಧರಿದ್ದರು, ಇದೊಂದು ಹೊರಗೆ ಬರದಿದ್ದರೆ ಸಾಕಿತ್ತು. ಹದಿಮೂರನೆಯ ಸಾಲನ್ನು ಹೊಡೆದು ಹಾಕೋಣವೆಂದು ಪೆನ್ನು ತೆಗೆದೆ. ಅಕ್ಕನಿಗೆ ಕಾರಣ ಹೇಳದೆ ಹೊಡೆಯುವುದು ಹೇಗೆ? ಹಾಗೆಯೇ ಬಿಟ್ಟೆ.

ಮಾರ್ಚ್ 23, ಸೋಮವಾರ

ಹದಿಮೂರೂ ರೀಲು ಓದಿ ಮುಗಿಸಿದೆ. ಕಲಾವಿದೆ ಬಂದಿದ್ದರು, ಕೇಳಿ ನೋಡಿ, "ಇವರ ದನಿಯೇ ಇರಲಿ" ಎಂದು ಹೊರಟುಹೋದರಂತೆ.

ಅಪ್ಪ ಬೀದಿಯ ತುದಿಯಲ್ಲಿ ಮನೆ ಯಾವ ಕಡೆ ಎಂದು ತಿಳಿಯದೆ ನಿಂತಿದ್ದರು. ಪಕ್ಕದ ಮನೆಯವರು ಕರೆತಂದರು. ಇಪ್ಪತ್ತೊಂದನೆಯ ಸಾಲು.

ಮಾರ್ಚ್ 27, ಶುಕ್ರವಾರ

ಮಧ್ಯಾಹ್ನದ ಆಟ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಅಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಹಾಲ್ ತುಂಬಿತ್ತು, ಬಹುಪಾಲು ಅಪ್ಪನ ವಯಸ್ಸಿನವರೇ. ಕೋಲುಗಳನ್ನು ಕುರ್ಚಿಯ ಕೆಳಗೆ ಸರಿಸುವ ಸದ್ದು, ಕೆಮ್ಮು, ನಗು. ನಮ್ಮ ಹಿಂದೆ ಒಬ್ಬ ಮುದುಕಿ ಪಕ್ಕದವಳಿಗೆ ಹೇಳುತ್ತಿದ್ದಳು: "ನಾನು ಇದನ್ನ ಹನ್ನೊಂದು ಸಲ ನೋಡಿದ್ದೆ ಕಣೇ. ಕೊನೆಗೋಸ್ಕರ."

ಅಪ್ಪ ಅದನ್ನು ಕೇಳಿಸಿಕೊಂಡರು. ನನ್ನ ಕೈ ಹುಡುಕಿ ಹಿಡಿದರು. ಆಮೇಲೆ ಕಿವಿಗೆ ಯಂತ್ರ ಹಾಕಿಕೊಂಡರು.

ಬ್ಯಾಂಡೇಜಿನ ತೋಳು ಬಾಗಿಲಲ್ಲಿ ಕಂಡಾಗ ಕೆಲವರು ಚಪ್ಪಾಳೆ ಹೊಡೆದರು, ಅರ್ಧಕ್ಕೇ ನಿಲ್ಲಿಸಿದರು. ಅಲ್ಲಲ್ಲಿ ಗುಸುಗುಸು ಎದ್ದಿತು. ಸೇತುವೆ ಬಂತು. ಗುಂಡು. ನೀರು. ಕತ್ತಲು. ದೀಪ ಹತ್ತಿತು.

ಯಾರೂ ಏಳಲಿಲ್ಲ.

"ರೀಲು ತಿರುಗಾಮುರುಗಾ ಹಾಕಿದಾರೆ ಕಣ್ರೀ!" ಎಂದು ಮುಂದಿನ ಸಾಲಿನಿಂದ ಒಬ್ಬರು ಕೂಗಿದರು. "ಅವನು ಮನೆಗೆ ಬರೋದು ಕೊನೇಲಿ!" ಎಂದು ಇನ್ನೊಬ್ಬರು. "ಏಯ್ ಆಪರೇಟರ್, ನಿದ್ದೆ ಮಾಡ್ತಿದ್ಯೇನೋ?" ಎಂದು ಬಾಲ್ಕನಿಯಿಂದ. ಮೇಲೆ ಕ್ಯಾಬಿನ್ ಕಿಂಡಿಯಲ್ಲಿ ಈಗಿನ ಆಪರೇಟರ್ ಹೆದರಿ ಇಣುಕಿದ. ಈಗ ರೀಲು ಎಂಬುದೇ ಇಲ್ಲ, ಅವನು ಒತ್ತಿದ್ದು ಒಂದು ಬಟನ್. ಎಂಜಿನಿಯರ್ ತೆರೆಯ ಮುಂದೆ ಬಂದು ನೆಗೆಟಿವ್, ನಂಬರು ಎಂದು ಏನೇನೋ ಹೇಳಿದರು. ಮಫ್ಲರ್ ಜಾರಿ ಬಿತ್ತು. ಯಾರೂ ಕೇಳಲಿಲ್ಲ. "ಹಾಳು ಮಾಡ್ಬಿಟ್ರು" ಎಂದು ಬೈಯುತ್ತಿದ್ದರು.

ಅಕ್ಕ ನನ್ನ ಕಡೆ ನೋಡಿದಳು. "ಏನೋ ಇದು? ಇವರೆಲ್ಲರೂ ಅಪ್ಪ ಹೇಳಿದ್ದೇ ಹೇಳ್ತಿದ್ದಾರಲ್ಲೋ!"

"ನನ್ನ ಎಬ್ಬಿಸಿ ನಿಲ್ಲಿಸು" ಅಂದರು ಅಪ್ಪ.

ತೋಳು ಹಿಡಿದು ನಿಲ್ಲಿಸಿದೆ. ಅಪ್ಪ ಮಾತಾಡಿದರು. ದನಿ ಎರಡು ಸಾಲು ದಾಟುತ್ತಿರಲಿಲ್ಲ. ಅವರು ಒಂದು ಮಾತು ಹೇಳಿದ ಹಾಗೆ ನಾನು ಅದನ್ನು ಗಟ್ಟಿಯಾಗಿ ಎಲ್ಲರಿಗೂ ಹೇಳುತ್ತಾ ಹೋದೆ. ಆವತ್ತಿನ ಆಪರೇಟರ್ ನಾನೇ. ಇವತ್ತು ಹಾಕಿದ್ದೇ ಸರಿ. ಆವತ್ತು ನಾನು ಎರಡು ಡಬ್ಬಿಯ ಮುಚ್ಚಳ ಅದಲು ಬದಲು ಮಾಡಿದ್ದೆ. ಗೊತ್ತಾದ ಮೇಲೂ ಹಾಗೇ ಓಡಿಸಿದೆ. ತಪ್ಪು ನಂದು. ಅಷ್ಟೇ ಹೇಳಿದರು. ಮುಚ್ಚಳ ಯಾಕೆ ಬದಲಾಯಿತು ಎಂದು ಹೇಳಲಿಲ್ಲ, ನಾನೂ ಸೇರಿಸಲಿಲ್ಲ.

ಹಿಂದಿನ ಸಾಲಿನ ಮುದುಕಿ ಎದ್ದು ನಿಂತಳು. "ಹಾಗಾದ್ರೆ ಅವನು ಸತ್ತುಹೋದ್ನಾ?"

"ಹೌದು ತಾಯಿ" ಅಂದರು ಅಪ್ಪ. "ಆವತ್ತೇ."

ಅವಳು ಖಾಲಿ ತೆರೆ ನೋಡಿದಳು. "ಮೂವತ್ತಾರು ವರ್ಷ ಬದುಕಿಸಿದ್ರಲ್ಲ. ಸಾಕು ಬಿಡಿ" ಎಂದು ಕೋಲು ತೆಗೆದುಕೊಂಡಳು. ಒಬ್ಬೊಬ್ಬರೇ ಹೊರಟರು. ಕೆಲವರು ಅಪ್ಪನ ಭುಜ ಮುಟ್ಟಿ ಹೋದರು. ಒಬ್ಬರು ಮಾತ್ರ, "ಥೂ, ಮೋಸ" ಅಂದರು. ಅಪ್ಪ ಅವರ ಕಡೆಗೂ ತಲೆ ಬಾಗಿಸಿದರು.

ಮಾರ್ಚ್ 28, ಶನಿವಾರ

ಅಕ್ಕ ನಿನ್ನೆ ಊರಿಗೆ ಹೋಗಲಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಾ, "ಮುಚ್ಚಳ ಯಾಕೆ ಅದಲು ಬದಲಾಯ್ತು?" ಎಂದು ಕೇಳಿದಳು. ಅಪ್ಪ ಹೇಳಬೇಡ ಅಂದಿದ್ದರು. ಹೇಳಿದೆ.

ಚಹಾ ಲೋಟದ ಅಂಚು ದಾಟಿ ಹರಿಯಿತು. ಅವಳು ಒರೆಸಲಿಲ್ಲ. ಅಕ್ಕ ಒರೆಸದೆ ಬಿಟ್ಟದ್ದನ್ನು ನಾನು ಕಂಡಿದ್ದು ಇದೇ ಮೊದಲು.

"ಹಾಗಾದ್ರೆ ಅಪ್ಪನಿಗೆ ಎಲ್ಲಾ ನೆನಪಿದೆ" ಅಂದಳು. "ನಾವೇ ಸುಮ್ಮನೆ…"

"ಇಲ್ಲಕ್ಕ. ಇದು ನೆನಪಿದೆ. ಗ್ಯಾಸ್ ನೆನಪಿರಲ್ಲ, ಮನೆ ದಾರಿ ನೆನಪಿರಲ್ಲ. ಅದೂ ನಿಜ, ಇದೂ ನಿಜ."

"ಮತ್ತೆ ಏನೋ ಮಾಡೋದು?"

"ಅಪ್ಪ ನನ್ನ ಜೊತೆ ಇರ್ಲಿ."

"ನೀನು ಕೆಲಸಕ್ಕೆ ಹೋದಾಗ?"

ಎಂಜಿನಿಯರಿಗೆ ಫೋನ್ ಮಾಡಿದೆ. ಇನ್ನೂ ಆರು ಹಳೆಯ ಚಿತ್ರಗಳಿವೆ, ಪ್ರತಿಯೊಂದಕ್ಕೂ ಕೇಳಿ ತಿದ್ದುವವರು ಬೇಕು, ಅಪ್ಪನನ್ನು ದಿನಾ ಕರೆತರುತ್ತೇನೆ ಅಂದೆ. "ಕರ್ಕೊಂಡು ಬನ್ನಿ" ಅಂದರು. "ನಿನ್ನೆ ನಂಗೆ ಒದೆ ಬೀಳೋದು ತಪ್ಪಿಸಿದವರಿಗೆ ಒಂದು ಕುರ್ಚಿ ಹಾಕೋಕಾಗಲ್ವಾ? ಸ್ವೆಟರ್ ಮರೀಬೇಡಿ ಅನ್ನಿ."

ಫೋನ್ ಇಟ್ಟಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಏನಕ್ಕ?" ಅಂದೆ. "ಏನಿಲ್ಲ, ಬೀಗದ ಕೀ ಸಿಕ್ಕಿದ ಹಾಗಿದೆ" ಅಂದಳು.

ಮಾರ್ಚ್ 30, ಸೋಮವಾರ

ಡಾಕ್ಟರಿಗೆ ಪುಸ್ತಕ ಕೊಟ್ಟೆವು. ಇಪ್ಪತ್ನಾಲ್ಕು ಸಾಲು. ಹದಿಮೂರನ್ನು ಹೊಡೆದು ಹಾಕಿದ್ದೆ. ಅವರು ಅದರ ಬಗ್ಗೆ ಕೇಳಿದರು, ವಿವರಿಸಿದೆ, ನಕ್ಕರು. ಆಮೇಲೆ ಉಳಿದ ಇಪ್ಪತ್ತಮೂರನ್ನೂ ನಿಧಾನವಾಗಿ ಓದಿದರು. ನಗಲಿಲ್ಲ.

ಮರೆವು ಶುರುವಾಗಿದೆ, ಹೆಚ್ಚುತ್ತದೆ. ಮಾತ್ರೆಯಿಂದ ಸ್ವಲ್ಪ ನಿಧಾನಿಸಬಹುದು, ಅಷ್ಟೇ. ಒಂಟಿಯಾಗಿ ಬಿಡಬಾರದು. ಎಲ್ಲಿರಬೇಕು ಎನ್ನುವುದು ಮನೆಯವರು ತೀರ್ಮಾನಿಸಬೇಕಾದ್ದು ಅಂದರು.

"ಆರು ತಿಂಗಳು ನೋಡೋಣ" ಅಂದಳು ಅಕ್ಕ. "ಭಾನುವಾರ ಭಾನುವಾರ ನಾನು ಬರ್ತೀನಿ. ಪುಸ್ತಕ ಬರೀತಾ ಇರು. ಮುಚ್ಚಿಡ್ಬೇಡ."

ಮುಚ್ಚಿಡುವುದಿಲ್ಲ ಅಂದೆ.

ಏಪ್ರಿಲ್ 11, ಶನಿವಾರ

ಸ್ಟುಡಿಯೊದ ಮೊಗಸಾಲೆಯಲ್ಲಿ ಮಧ್ಯಾಹ್ನದ ಬಿಡುವು. ಅಪ್ಪ ಸ್ವೆಟರಿನ ಗುಂಡಿ ಒಂದೊಂದು ತೂತು ತಪ್ಪಿಸಿ ಹಾಕಿಕೊಂಡಿದ್ದರು. ಬಿಚ್ಚಿ ಸರಿಯಾಗಿ ಹಾಕುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದರು.

"ಮರೀ, ಸುತ್ತಮುತ್ತ ಯಾರಾದ್ರೂ ಇದಾರಾ?"

"ಇಲ್ಲಪ್ಪ."

"ಒಂದು ವಿಷಯ ಇದೆ. ನಿಮ್ಮಮ್ಮನಿಗೂ ಹೇಳಿಲ್ಲ. ಆ ಗೂಢಚಾರ ಸಿನಿಮಾ ಇದ್ಯಲ್ಲ, ಅದರ ಕೊನೇ ಎರಡು ರೀಲು…"

ತುಂಬಿದ ಹಾಲ್, ಮುದುಕಿ, ಭುಜ ಮುಟ್ಟಿ ಹೋದ ಕೈಗಳು, ಅಪ್ಪನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಮೂವತ್ತಾರು ವರ್ಷದ ಭಾರ ಹಾಗೆಯೇ ಮತ್ತೆ ಬಂದು ಕೂತಿತ್ತು.

ಮೊದಲಿನಿಂದ ಹೇಳಿದರು. ಹದಿಮೂರು ಡಬ್ಬಿ, ಬೆರಳ ನಡುವೆ ಹಾಯುವ ಫಿಲ್ಮು, ಕೆಳಗಿನಿಂದ ಬಂದ ಕೂಗು. ಈ ಸಲ ಹೊಸದೊಂದನ್ನೂ ಸೇರಿಸಿದರು: ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡಾಗ ಕೈಯಲ್ಲಿ ಇನ್ನೂ ಫಿಲ್ಮಿನ ವಾಸನೆಯಿತ್ತು, ಮಗು ಸೀನಿತಂತೆ.

"ಆಮೇಲೆ?" ಎಂದು ಕೇಳಿದೆ.

"ಆಮೇಲೆ ಏನು. ತಪ್ಪು ಹಾಕ್ಬಿಟ್ಟೆ. ಬೈತೀಯಾ?"

"ಇಲ್ಲಪ್ಪ."

ಅಪ್ಪ ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟರು. ಮುಖದ ಗೆರೆಗಳು ಸಡಿಲಾದವು. ಕಾಲು ಚಾಚಿ, "ಮುಂದಿನ ರೀಲು ಹಾಕು, ನಡಿ" ಅಂದರು.

ಡಾಕ್ಟರ ಪುಸ್ತಕದಲ್ಲಿ ಇಪ್ಪತ್ತೊಂಬತ್ತನೆಯ ಸಾಲು: ಹೇಳಿದ್ದನ್ನು ಮರೆತು ಮತ್ತೆ ಹೇಳಿದರು.

ಇಲ್ಲಿ ಬರೆದುಕೊಳ್ಳಬೇಕಾದ್ದು: ಹೇಳಿದ ಮೇಲೆ ತುಂಬ ಹಗುರವಾಗಿದ್ದರು. ಮತ್ತೆ ಹೇಳಿದರೆ ಮತ್ತೆ ಕೇಳಬೇಕು.